ಎಸಿ ಆಫ್ ಮಾಡಿದ ಬೇಸಿಗೆ

ಟೆಕ್ಸಸ್‌ನ ಅಲೆನ್ ಎಂಬ ಊರಿನ ನಮ್ಮ ಮನೆ ತುಂಬ ಸದ್ದಿನ ಮನೆ ಎಂದು ನಮಗೆ ಗೊತ್ತಾದದ್ದು ಅಮ್ಮ ಅಲ್ಲಿ ಸಿನಿಮಾ ತೆಗೆಯಲು ಹೊರಟ ಮೇಲೆ. ಅಲ್ಲಿಯವರೆಗೆ ಅದನ್ನು ನಾವೆಲ್ಲ ಮೌನದ ಮನೆ ಎಂದೇ ತಿಳಿದಿದ್ದೆವು. ಬೀದಿಯ ಉದ್ದಕ್ಕೂ ಒಂದೇ ಅಚ್ಚಿನಲ್ಲಿ ತೆಗೆದಂಥ ಇಟ್ಟಿಗೆಯ ಮನೆಗಳು; ಬಂದವರು ನಮ್ಮದನ್ನು ಗುರುತಿಸುತ್ತಿದ್ದದ್ದು ಅಜ್ಜಿ ಬಾಗಿಲಿಗೆ ಕಟ್ಟಿಸಿದ ಪ್ಲಾಸ್ಟಿಕ್ ಮಾವಿನೆಲೆಯ ತೋರಣದಿಂದ. ಒಳಗೆ ಕಾರ್ಪೆಟ್ ಹಾಸಿದ್ದರಿಂದ ಯಾರ ಹೆಜ್ಜೆಯೂ ಕೇಳಿಸುತ್ತಿರಲಿಲ್ಲ. ಮುಂಬಾಗಿಲ ಪಕ್ಕದ ಕೋಣೆಯಲ್ಲಿ ದೊಡ್ಡದೊಂದು ಊಟದ ಮೇಜು ಇತ್ತು. ಅದರ ಮೇಲೆ ನಾವು ಊಟ ಮಾಡಿದ್ದು ಅಪರೂಪ. ನಮ್ಮ ಊಟ, ತಿಂಡಿ, ನನ್ನ ಹೋಮ್‌ವರ್ಕ್, ಅಪ್ಪ ಅಮ್ಮನ ಜಗಳ ಎಲ್ಲವೂ ಅಡುಗೆಮನೆಯ ಮೂಲೆಯ ಸಣ್ಣ ಮೇಜಿನಲ್ಲೇ ನಡೆಯುತ್ತಿದ್ದವು. ಅಪ್ಪ ಪಕ್ಕದೂರು ಪ್ಲೇನೋದ ಆಫೀಸಿಗೆ, ನಾನು ಸ್ಕೂಲಿಗೆ ಹೋದಮೇಲೆ ಅಮ್ಮ ಗ್ರಾನೈಟ್ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳಂತೆ. ರಜೆಯಲ್ಲಿ ನಾನು ಮಹಡಿಯ ಮೇಲೆ ಮಲಗಿದ್ದಾಗ ಆ ಪಟಪಟ ಸದ್ದು ಕೇಳಿ ಎಚ್ಚರವಾಗುತ್ತಿತ್ತು. ಬೆಳಗಿನ ಆ ಹೊತ್ತಿನಲ್ಲಿ ಆ ಮನೆಯಲ್ಲಿ ಬದುಕಿದ್ದದ್ದು ಅದೊಂದೇ ಸದ್ದು.

ಅಮ್ಮ ಧಾರವಾಡದವಳು. ಅಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಮದುವೆಯಾಗಿ, ನಾನು ಹುಟ್ಟಿ, ಕಾಲೇಜಿಗೆ ರಜೆ ಬರೆದು ಅಪ್ಪನ ಕೆಲಸದ ಬೆನ್ನು ಹಿಡಿದು ಟೆಕ್ಸಸ್‌ಗೆ ಬಂದಾಗ ಅವಳ ಕೈಗೆ ಸಿಕ್ಕಿದ್ದು ಡಿಪೆಂಡೆಂಟ್ ವೀಸಾ. ಅದರಲ್ಲಿ ಇರಬಹುದು, ಕಾರು ಓಡಿಸಬಹುದು, ಅಂಗಡಿಗೆ ಹೋಗಬಹುದು. ಸಂಬಳಕ್ಕೆ ದುಡಿಯುವ ಹಾಗಿಲ್ಲ. ಅದರ ಬಗ್ಗೆ ಅವಳು ಗೊಣಗಿದ್ದನ್ನು ನಾನು ಕೇಳಿಲ್ಲ. ಆದರೆ ಮಲಗಿಸುವಾಗ ಬೇರೆ ಅಮ್ಮಂದಿರು ರಾಜಕುಮಾರಿಯರ ಕಥೆ ಹೇಳಿದರೆ ನಮ್ಮಮ್ಮ ಒಂದು ಹಳೆಯ ಸಿನಿಮಾದ ಕಥೆ ಹೇಳುತ್ತಿದ್ದಳು. ಸಿನಿಮಾದೊಳಗಿನ ಕಥೆಯಲ್ಲ, ಆ ಸಿನಿಮಾವನ್ನು ತೆಗೆದ ಕಥೆ.

ಅದು ಇಂಗ್ಲೆಂಡಿನ ಉತ್ತರದ ಗಿರಣಿ ಊರೊಂದರ ಕಪ್ಪುಬಿಳುಪು ಚಿತ್ರ. ಕೂಲಿಯ ಮನೆತನದ ಹುಡುಗಿ, ಅವಳ ತಾಯಿ, ಹೊಗೆ ಹಿಡಿದ ಓಣಿ. ಧಾರವಾಡದ ಕಾಲೇಜಿನಲ್ಲಿ ಫಿಲ್ಮ್ ಸೊಸೈಟಿ ನಡೆಸುತ್ತಿದ್ದ ಹಿರಿಯ ಸರ್ ಒಬ್ಬರು ಅದನ್ನು ತೋರಿಸಿ, ದೀಪ ಹಾಕಿದ ಮೇಲೆ ಅದು ಹೇಗೆ ತಯಾರಾಯಿತೆಂದು ವಿವರಿಸಿದ್ದರಂತೆ. ದೊಡ್ಡ ತಾರೆಯಿಲ್ಲದ, ಹಾಡಿಲ್ಲದ, ಬಡವರ ಅಡುಗೆಮನೆಯಲ್ಲೇ ಸುತ್ತುವ ಕಥೆಗೆ ಹಣ ಹಾಕಲು ಯಾರೂ ಒಪ್ಪಲಿಲ್ಲ. ಕೊನೆಗೆ ಸಿಕ್ಕಷ್ಟು ಹಣದಲ್ಲಿ ಸ್ಟುಡಿಯೋ ಬಾಡಿಗೆಗೂ ಸಾಲುತ್ತಿರಲಿಲ್ಲವಾದ್ದರಿಂದ ಕೆಡವಲಿದ್ದ ಹಳೆಯ ಮನೆಯೊಂದನ್ನು ಹಿಡಿದು ಅಲ್ಲೇ ಚಿತ್ರೀಕರಣ ಮಾಡಿದರು. ಕೋಣೆ ಎಷ್ಟು ಇಕ್ಕಟ್ಟೆಂದರೆ ಕ್ಯಾಮೆರಾ ಒಳಗಿದ್ದರೆ ನಿರ್ದೇಶಕ ಹೊರಗೆ ಮೆಟ್ಟಿಲ ಮೇಲೆ ನಿಲ್ಲಬೇಕು. ಮರದ ನೆಲ ಕಿರುಗುಟ್ಟುತ್ತದೆಂದು ಎಲ್ಲರೂ ಬೂಟು ಬಿಚ್ಚಿಟ್ಟು ಕೆಲಸ ಮಾಡಿದರು. ದೀಪಗಳು ಕಡಿಮೆ ಇದ್ದದ್ದರಿಂದ ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೋ ಅಲ್ಲಿ ನಟಿ ನಿಲ್ಲಬೇಕಾಯಿತು. ಅಮ್ಮ ಹೇಳಿದ್ದರಲ್ಲಿ ಎಷ್ಟು ನಿಜ, ಎಷ್ಟು ಅವಳ ಸರ್ ಸೇರಿಸಿದ್ದು, ಎಷ್ಟು ಅವಳೇ ಸೇರಿಸಿದ್ದು, ನನಗೆ ತಿಳಿಯದು. ದೊಡ್ಡವಳಾಗಿ ಆ ಚಿತ್ರವನ್ನು ನೋಡಿದಾಗ ಮಾತ್ರ ಆ ಬಡತನವೇ ಅದರ ರೂಪ ಎಂದು ಅರ್ಥವಾಯಿತು. ಹಣವಿದ್ದಿದ್ದರೆ ಅವರು ಆ ಕೋಣೆಯನ್ನು ಸ್ಟುಡಿಯೋದಲ್ಲಿ ಕಟ್ಟುತ್ತಿದ್ದರು. ಆಗ ಆ ತಾಯಿಮಗಳು ಒಬ್ಬರ ಮೈಗೆ ಒಬ್ಬರು ತಾಗದೆ ಓಡಾಡಬಹುದಿತ್ತು, ಚಿತ್ರ ಸತ್ತೇಹೋಗುತ್ತಿತ್ತು.

ನಾನು ನಾಲ್ಕನೇ ತರಗತಿ ಮುಗಿಸುವ ಹೊತ್ತಿಗೆ ಒಂದು ಶನಿವಾರ ಬೆಳಿಗ್ಗೆ, ಎಲ್ಲರೂ ದೋಸೆ ತಿನ್ನುತ್ತಿದ್ದಾಗ, ಅಮ್ಮ ಆ ಬೇಸಿಗೆಯಲ್ಲಿ ಊರಿಗೆ ಹೋಗುವುದು ಬೇಡ ಅಂದಳು. ಆಗ ಅಪ್ಪನ ತಾಯಿ, ಮೈಸೂರಿನ ನಮ್ಮಜ್ಜಿ, ನಮ್ಮ ಜೊತೆ ಆರು ತಿಂಗಳು ಇರಲು ಬಂದಿದ್ದರು.

"ಟಿಕೆಟ್ ದುಡ್ಡು ಎತ್ತಿಟ್ಟೀರಲ್ಲ, ಅದರಾಗ ನಾ ಒಂದು ಸಣ್ಣ ಸಿನಿಮಾ ಮಾಡ್ತೀನಿ," ಅಂದಳು. "ಇದ ಮನಿಯೊಳಗ. ನಾವ ನಾವ."

ಅಪ್ಪ ದೋಸೆ ತಿನ್ನುವುದನ್ನು ನಿಲ್ಲಿಸಿದರು. ಅಪ್ಪ ಕೂಗಾಡುವವರಲ್ಲ. ಆಫೀಸಿನ ಮೀಟಿಂಗಿನಲ್ಲಿ ಕೇಳುವ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು. ವೀಸಾಗೆ ತೊಂದರೆಯಾದರೆ? ಅಮ್ಮ ಆಗಲೇ ಒಬ್ಬ ಲಾಯರನ್ನು ಕೇಳಿದ್ದಳು: ಹಣ ಪಡೆಯಬಾರದು, ಸಿನಿಮಾಕ್ಕೆ ಟಿಕೆಟ್ ಮಾರಬಾರದು, ಅಷ್ಟೇ. ಹಾಗಾದರೆ ಹಾಕಿದ ಹಣ ಹಿಂದೆ ಬರುವುದೇ ಇಲ್ಲವಲ್ಲ? ಇಲ್ಲ. ಹವ್ಯಾಸಕ್ಕೆ ಇಷ್ಟೊಂದು ಖರ್ಚು ಬೇಕಾ?

"ಗಳಿಸಲಿಕ್ಕೆ ಪರ್ಮಿಟ್ ಬೇಕರಿ," ಅಂದಳು ಅಮ್ಮ. "ಖರ್ಚು ಮಾಡಲಿಕ್ಕೆ ಬ್ಯಾಡಲ್ಲ."

ಅಜ್ಜಿ ನಕ್ಕುಬಿಟ್ಟರು. ಅಪ್ಪ ನಗಲಿಲ್ಲ. ಎರಡು ವಾರ ಮನೆಯಲ್ಲಿ ಬೇಕಾದ್ದಕ್ಕಷ್ಟೇ ಮಾತು. ಅಪ್ಪನಿಗೆ ಹಣದ ಚಿಂತೆಗಿಂತ ನಮ್ಮ ಮನೆಯ ಅಡುಗೆಮನೆಯನ್ನು ನಾಲ್ಕು ಜನಕ್ಕೆ ತೆರೆದು ತೋರಿಸುವ ಸಂಕೋಚ ಹೆಚ್ಚಾಗಿತ್ತು ಎಂದು ಈಗ ಅನ್ನಿಸುತ್ತದೆ. ಅಮ್ಮನಿಗೆ ಇನ್ನೊಂದು ಕಷ್ಟವಿತ್ತು. ಊರಿಗೆ ಹೋಗದಿದ್ದರೆ ಅವಳ ತಾಯಿಯನ್ನು ಆ ವರ್ಷ ನೋಡುವಂತಿಲ್ಲ. ಅದನ್ನು ಗೊತ್ತಿದ್ದೇ ಒಪ್ಪಿಕೊಂಡಿದ್ದಳು. ಒಂದು ದಿನ ಅಪ್ಪ ಏನೂ ಹೇಳದೆ ಹೊಸ ಎಕ್ಸ್‌ಟೆನ್ಶನ್ ವೈರು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಅವರು ಒಪ್ಪಿದ ರೀತಿ ಅದು.

ಕ್ಯಾಂಪಸ್ಸಿನ ಕ್ಯಾಮೆರಾ ಎರವಲು ತಂದವಳು ಸಿಂಧು. ಬೆಂಗಳೂರಿನ ಹುಡುಗಿ, ಹತ್ತಿರದ ರಿಚರ್ಡ್‌ಸನ್‌ನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಓದುತ್ತ ಮೂವರ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದಳು. ರೈಲಿನಲ್ಲಿ ಕೊನೆಯ ಸ್ಟೇಷನ್ನಿನವರೆಗೆ ಬರುತ್ತಿದ್ದಳು, ಅಲ್ಲಿಂದ ಅಮ್ಮ ಕಾರಿನಲ್ಲಿ ಕರೆತರುತ್ತಿದ್ದಳು. ಅವಳಿಗೆ ಕೊಡಲು ನಮ್ಮಲ್ಲಿ ಸಂಬಳವಿರಲಿಲ್ಲ. ಎತ್ತಿಟ್ಟ ಹಣದ ಬಹುಪಾಲು ಮೈಕಿಗೆ ಹೋಯಿತು. ಮಂಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ ಎಂದು ಸಿಂಧು ಹಟ ಹಿಡಿದಿದ್ದಳು. ಉಳಿದದ್ದು ಊಟಕ್ಕೆ. ಊಟದಲ್ಲಿ ಮಾತ್ರ ಅಮ್ಮ ಕೈ ಬಿಗಿ ಹಿಡಿಯಲಿಲ್ಲ. ಆ ಇಂಗ್ಲೆಂಡಿನ ಚಿತ್ರದವರು ದಿನಾ ಬ್ರೆಡ್ಡು, ಚಹಾದಲ್ಲಿ ಕಳೆದಿದ್ದರಂತೆ. ನಮ್ಮಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಅಜ್ಜಿಯ ಕೈಯ ಬಿಸಿಬೇಳೆಬಾತು. ಸಿಂಧು ತಟ್ಟೆ ಮುಂದೆ ಕೂತು, "ಆಂಟಿ, ಸಿನಿಮಾ ಹೇಗಾದ್ರೂ ಆಗ್ಲಿ, ನಾನು ದಪ್ಪ ಆಗೋದಂತೂ ಗ್ಯಾರಂಟಿ," ಅನ್ನುತ್ತಿದ್ದಳು.

ಮೊದಲ ದಿನವೇ ಸಿಂಧು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆಯ ನಡುವೆ ನಿಂತು ಮುಖ ಹುಳ್ಳಗೆ ಮಾಡಿದಳು. ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಮೇಲಿನ ಕಿಂಡಿಯಿಂದ ಎಸಿಯ ಗಾಳಿ ಹಿಸ್ಸೆನ್ನುತ್ತಿತ್ತು. ಎರಡನ್ನೂ ನಿಲ್ಲಿಸಬೇಕಾಯಿತು. ಟೆಕ್ಸಸ್ಸಿನ ಜೂನ್ ತಿಂಗಳಲ್ಲಿ ಎಸಿ ನಿಲ್ಲಿಸುವುದೆಂದರೆ ಏನೆಂದು ಅಲ್ಲಿ ಇದ್ದವರಿಗೇ ಗೊತ್ತು. ಸ್ವಲ್ಪ ಹೊತ್ತಿಗೆ ಗೋಡೆಗಳೇ ಉಸಿರು ಬಿಡುತ್ತಿವೆಯೇನೋ ಅನ್ನಿಸುವಷ್ಟು ಸೆಖೆ. ಖುಷಿಪಟ್ಟವರು ಅಜ್ಜಿ ಒಬ್ಬರೇ. ಬಂದಾಗಿನಿಂದ ಸ್ವೆಟರ್ ಬಿಚ್ಚದಿದ್ದ ಅವರು ಅಂದು ಬಿಚ್ಚಿ ಮಡಿಸಿಟ್ಟು, "ಈಗ ನೋಡು, ಮನೇಲಿ ಇದ್ದ ಹಾಗಾಯ್ತು," ಅಂದರು. ಫ್ರಿಜ್ಜಿನ ಪ್ಲಗ್ ತೆಗೆದಾಗಲೆಲ್ಲ ಸಿಂಧು ಅಮ್ಮನ ಕಾರಿನ ಕೀಲಿಯನ್ನು ಅದರೊಳಗಿಡುತ್ತಿದ್ದಳು. ಕೀಲಿ ತೆಗೆಯದೆ ಯಾರೂ ಹೊರಗೆ ಹೋಗುವಂತಿಲ್ಲ, ತೆಗೆಯಲು ಹೋದಾಗ ಪ್ಲಗ್ ನೆನಪಾಗುತ್ತದೆ. ಆದರೂ ದೋಸೆ ಹಿಟ್ಟು ದಿನಾ ಉಕ್ಕಿ ಹುಳಿಯಾಗುತ್ತಿತ್ತು. ಆ ಬೇಸಿಗೆಯಿಡೀ ನಾವು ಹುಳಿ ದೋಸೆ ತಿಂದೆವು.

ಅಮ್ಮನ ಸಿನಿಮಾದ ಕಥೆ ಒಂದೇ ದಿನದ್ದು. ಪರದೇಶದಲ್ಲಿರುವ ಒಬ್ಬ ಹೆಂಗಸಿಗೆ ಅವಳ ಹಳೆಯ ಕಾಲೇಜಿನಿಂದ ಫೋನ್ ಬರುತ್ತದೆ. ಅವಳಿಗಾಗಿ ಕಾದಿಟ್ಟ ಕೆಲಸಕ್ಕೆ ಹಿಂದಿರುಗುತ್ತಾಳೋ, ರಾಜೀನಾಮೆ ಕೊಡುತ್ತಾಳೋ, ತಿಳಿಸಬೇಕು. ಅವಳು ಇಡೀ ದಿನ ಅಡುಗೆ, ಬಟ್ಟೆ, ಇಸ್ತ್ರಿ ಮಾಡುತ್ತ ಯೋಚಿಸುತ್ತಾಳೆ. ಊಟಕ್ಕೆ ಕೂತಾಗ ಮನೆಯವರಿಗೆ ಹೇಳುತ್ತಾಳೆ. ಅಷ್ಟೇ. ಹೆಂಡತಿ ಅಮ್ಮ, ಮಗಳು ನಾನು, ಅತ್ತೆ ಅಜ್ಜಿ. ಗಂಡನ ಪಾತ್ರಕ್ಕೆ ಹತ್ತಿರದ ಲಿಟಲ್ ಎಲ್ಮ್ ಊರಿನಲ್ಲಿದ್ದ ಮೋಹನ್ ಅಂಕಲ್. ಕನ್ನಡದವರು ಸೇರಿದಾಗಲೆಲ್ಲ ಹಾಸ್ಯ ನಾಟಕಗಳಲ್ಲಿ ಎಲ್ಲರನ್ನೂ ನಗಿಸುತ್ತಿದ್ದವರು ಅವರೇ.

ನನಗಿದ್ದದ್ದು ಒಂದೇ ಮಾತು: "ಅಮ್ಮ, ಅಲ್ಲಿ ನಿನ್ನ ಪಾಠ ಕೇಳೋಕೆ ತುಂಬ ಜನ ಬರ್ತಿದ್ರಾ?" ಆಗ ನನಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. 'ಕೇಳೋಕೆ' ನನ್ನ ಬಾಯಲ್ಲಿ 'ಕೇಲೋಕೆ' ಆಗುತ್ತಿತ್ತು. ಅಜ್ಜಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಾಳೆಹಣ್ಣು, ಬೇಳೆ, ಕೊಳೆ, ಮಳೆ ಎಂದು ಹೇಳಿಸಿದರು. ನಾಲಿಗೆಯನ್ನು ಎಲ್ಲಿ ಮಡಿಸಬೇಕೆಂದು ತಮ್ಮ ಬಾಯಿ ತೆರೆದು ತೋರಿಸಿದರು. ಆ ಒಂದು ವಾಕ್ಯವನ್ನು ಸ್ನಾನದಲ್ಲಿ, ಕಾರಿನಲ್ಲಿ, ಮೆಟ್ಟಿಲ ಮೇಲೆ ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಒಂದು ದಿನ ಅದು ಪ್ರಶ್ನೆ ಎಂಬುದು ನನಗೆ ಹೊಳೆಯಿತು. ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ. ಅಮ್ಮ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು, ಸಿಂಧು ಇನ್ನೂ ಬಂದಿರಲಿಲ್ಲ. ನಾನು ಹೋಗಿ ಕೇಳಿದೆ. ಅಮ್ಮ ತಾಲೀಮು ಅಂದುಕೊಂಡು, "ಈಗ ಚಲೋ ಬಂತು," ಅಂದಳು.

"ಅಲ್ಲ, ನಿಜವಾಗ್ಲೂ. ತುಂಬ ಜನ ಬರ್ತಿದ್ರಾ?"

ಅಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಬೆಂಚು ಸಾಲದೆ ಹುಡುಗರು ಕಿಟಕಿಯಲ್ಲಿ ಕೂರುತ್ತಿದ್ದರಂತೆ. ನವಲಗುಂದದಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಮೊದಲ ತಾಸು ತಪ್ಪಿತೆಂದು ಮಧ್ಯಾಹ್ನ ಸ್ಟಾಫ್ ರೂಮಿನ ಹೊರಗೆ ನಿಂತು ಪೂರಾ ಪಾಠ ಇನ್ನೊಮ್ಮೆ ಹೇಳಿಸಿಕೊಳ್ಳುತ್ತಿದ್ದಳಂತೆ. ಹೆಂಚಿನ ಮೇಲಿದ್ದ ರೊಟ್ಟಿ ಕಪ್ಪಾಗಿ ಹೊಗೆಯ ಅಲಾರಂ ಹೊಡೆದುಕೊಳ್ಳುವವರೆಗೂ ಅಮ್ಮ ಹೇಳುತ್ತಲೇ ಇದ್ದಳು. ನಾನು ಅಮ್ಮನೊಡನೆ ಕನ್ನಡದಲ್ಲಿ ಮಾತಾಡಿದ ಮೊದಲ ಬೆಳಿಗ್ಗೆ ಅದು. ಅವಳು ಬರೀ ನನ್ನಮ್ಮನಾಗಿರುವುದು ನಿಂತದ್ದೂ ಅಂದೇ.

ಅಜ್ಜಿಯ ಸರದಿ ಬಂದಾಗ ತಕರಾರು ಬಂತು. ಸೊಸೆ ರಾಜೀನಾಮೆಯ ಮಾತೆತ್ತಿದಾಗ ಅತ್ತೆ, 'ಬಿಡಮ್ಮ, ಈಗ ಆ ಕೆಲಸ ಯಾಕೆ' ಅನ್ನಬೇಕು. ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು. ಮಾತು ಹೇಳಲಿಲ್ಲ.

"ನಾನು ಹಾಗೆ ಅನ್ನಲ್ಲ ಕಣಮ್ಮ," ಅಂದರು. "ನೀನು ಕೆಲಸ ಬಿಟ್ಟೆ ಅಂತ ಫೋನ್ ಮಾಡಿದಾಗ ನಾನು ಹಾಗಂದಿರಲಿಲ್ಲ."

"ಏನಂದಿದ್ರಿ ಅತ್ತಿ?"

"ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು. ಬಿಡಬೇಡ ಅನ್ನಬೇಕಾಗಿತ್ತು. ಸುಮ್ಮನಾದೆ."

ಅಮ್ಮ ಕೈಯಲ್ಲಿದ್ದ ಹಾಳೆಯಲ್ಲಿ ಅಜ್ಜಿಯ ಮಾತನ್ನು ಹೊಡೆದುಹಾಕಿದಳು. ಆಮೇಲೆ, "ಹಂಗಾರ ಸುಮ್ಮನ ಇರ್ರಿ," ಅಂದಳು. ಚಿತ್ರದಲ್ಲಿ ಅಜ್ಜಿ ಒಂದೂ ಮಾತಾಡುವುದಿಲ್ಲ. ಬೆಳ್ಳುಳ್ಳಿ ಬಿಡಿಸುತ್ತಾರೆ, ಸೊಸೆಯ ಮಾತು ಕೇಳಿ ಕೈ ನಿಲ್ಲುತ್ತದೆ, ತಲೆ ಎತ್ತುತ್ತಾರೆ, ಮತ್ತೆ ಬಿಡಿಸುತ್ತಾರೆ. ಇಂದಿಗೂ ಅಷ್ಟು ಮಾತಾಡುವ ಮುಖವನ್ನು ನಾನು ತೆರೆಯ ಮೇಲೆ ಕಂಡದ್ದು ಕಡಿಮೆ.

ಉಳಿದದ್ದು ಊಟದ ದೃಶ್ಯ. ಸಿಂಧು ಕ್ಯಾಮೆರಾವನ್ನು ಕ್ಯಾಂಪಸ್ಸಿಗೆ ಹಿಂದಿರುಗಿಸಬೇಕಾದ ದಿನವೇ ಅದನ್ನು ತೆಗೆಯಬೇಕಾಗಿ ಬಂತು. ಬೆಳಿಗ್ಗೆ ಮೋಹನ್ ಅಂಕಲ್ ಫೋನ್ ಮಾಡಿದರು. ಅಮ್ಮ ಸ್ಪೀಕರ್ ಹಾಕಿದ್ದಳು.

"ತಪ್ಪು ತಿಳ್ಕೋಬೇಡಿ. ನಗಿಸೋ ಪಾರ್ಟ್ ಆಗಿದ್ರೆ ಓಡಿ ಬರ್ತಿದ್ದೆ. ಆ ಡೈಲಾಗ್ ಹೇಳಿದ್ರೆ ಜನ ನನ್ನನ್ನೇ ಹಾಗೆ ಅಂದ್ಕೋತಾರೆ. ಮನೇಲೂ ಬೇಡ ಅಂತಿದ್ದಾರೆ."

ಅಮ್ಮ ಒತ್ತಾಯ ಮಾಡಲಿಲ್ಲ. ಫೋನಿಟ್ಟು ಸಿಂಕಿನ ಮುಂದೆ ನಿಂತುಬಿಟ್ಟಳು. ಆ ಬೆನ್ನು ಹಾಗೆ ಬಗ್ಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸಿಂಧು ಕ್ಯಾಮೆರಾದ ಕಾಲುಗಳನ್ನು ಮಡಿಸಲೋ ಬೇಡವೋ ಎಂದು ನೋಡುತ್ತಿದ್ದಳು. ಆಫೀಸಿಗೆ ಹೊರಟಿದ್ದ ಅಪ್ಪ ಬ್ಯಾಗು ಇಳಿಸಿ, ಕಟ್ಟೆಯ ಮೇಲಿದ್ದ ಹಾಳೆಯನ್ನು ತೆಗೆದುಕೊಂಡು ನಿಂತೇ ಓದಿದರು. ಅಲ್ಲಿಯವರೆಗೆ ಅವರು ಅದನ್ನು ಓದಿರಲಿಲ್ಲ. ಅಮ್ಮ ಕೊಟ್ಟಿರಲೂ ಇಲ್ಲ. ಗಂಡನಿಗೆ ಇದ್ದದ್ದು ಒಂದೇ ಮಾತು: 'ನಿನಗೆ ಇಲ್ಲಿ ಏನು ಕಮ್ಮಿಯಾಗಿದೆ?'

"ಇದು ನಾನು ಹೇಳಿದ್ದು ಅಲ್ವಾ?" ಅಂದರು ಅಪ್ಪ.

"ಹೌದ್ರಿ."

"ಮೋಹನ್‌ಗೆ ಕೊಡುವಾಗ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು. ಅದಕ್ಕ ನಿಮಗ ಕೊಡಲಿಲ್ಲ."

ಅಪ್ಪ ಹಾಳೆಯನ್ನು ಕೆಳಗಿಟ್ಟರು. ಮೆಟ್ಟಿಲು ಹತ್ತಿ ಮೇಲೆ ಹೋದರು. ಅವರು ಬಾಗಿಲು ಹಾಕಿಕೊಳ್ಳುತ್ತಾರೆ, ಮತ್ತೆ ವಾರಗಟ್ಟಲೆ ಮಾತಿರುವುದಿಲ್ಲ ಅಂದುಕೊಂಡೆ. ಮೇಲಿನಿಂದ ಅವರ ದನಿ ಕೇಳಿತು.

"ಯಾವ ಶರ್ಟ್ ಹಾಕ್ಕೊಳ್ಳಲಿ?"

ಆಫೀಸಿಗೆ ರಜ ಹೇಳಿ ನೀಲಿ ಚೌಕುಳಿ ಶರ್ಟಿನಲ್ಲಿ ಬಂದು ಕೂತರು. ಎಸಿ ನಿಂತಿತು, ಫ್ರಿಜ್ಜು ನಿಂತಿತು. ಕಿಟಕಿಯ ಬೆಳಕು ಮೇಜಿನ ಅರ್ಧಕ್ಕೆ ಬೀಳುತ್ತಿತ್ತು. ಮೊದಲ ಸಲ ಅಪ್ಪ ಆ ಮಾತನ್ನು ಈಮೇಲ್ ಓದಿದ ಹಾಗೆ ಹೇಳಿದರು. ಅಮ್ಮ ಇನ್ನೊಮ್ಮೆ ಅಂದಳು. ಈಗ ಸಿಟ್ಟಿನಲ್ಲಿ ಹೇಳಿದರು, ಅವರಿಗೆ ಬಾರದ ಸಿಟ್ಟು. ಇನ್ನೊಮ್ಮೆ. ಈ ಸಲ ತುಂಬ ಮೆತ್ತಗೆ, ಕ್ಷಮೆ ಕೇಳುವವರ ಹಾಗೆ. ಅಮ್ಮ ಹಾಗಲ್ಲವೆಂದು ತಲೆಯಾಡಿಸಿದಳು. ಬೆವರು ಅಪ್ಪನ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ತಾನೇ ಒಮ್ಮೆ ಆಡಿ ಮರೆತ ಮಾತನ್ನು ತಾಯಿ, ಮಗಳು, ಪರ ಹುಡುಗಿಯ ಎದುರು ಮತ್ತೆ ಮತ್ತೆ ಆಡುವುದು ಎಷ್ಟು ಕಷ್ಟವಿರಬೇಕು. ಅವರು ಎದ್ದು ಹೋಗಲಿಲ್ಲ.

"ಹೇಗೆ ಹೇಳ್ಬೇಕು, ನೀನೇ ಹೇಳು," ಅಂದರು.

"ಅವತ್ತ ನೀವು ಸಿಟ್ಟಿಲೆ ಹೇಳಿರಲಿಲ್ರಿ," ಅಂದಳು ಅಮ್ಮ. ಅವಳ ದನಿಯಲ್ಲಿ ದೂರಿರಲಿಲ್ಲ, ಕೆಲಸದಲ್ಲಿ ಮುಳುಗಿದವರ ನಿಖರತೆಯಿತ್ತು. "ಪ್ರೀತಿಲೆನೂ ಅಲ್ಲ. ಅನ್ನಕ್ಕ ಮೊಸರು ಕಲಸ್ಕೋತ ಹೇಳಿದ್ರಿ. ನನ್ನ ಮಾರಿ ನೋಡಲಿಲ್ಲ."

ಅಜ್ಜಿ ಎದ್ದು ಅಪ್ಪನ ತಟ್ಟೆಗೆ ಅನ್ನ ಬಡಿಸಿ ಮೊಸರು ಹಾಕಿದರು. ಅಪ್ಪ ಕಲಸತೊಡಗಿದರು. ಅಮ್ಮ ರಾಜೀನಾಮೆಯ ಮಾತು ಹೇಳಿದಳು. ಅಪ್ಪ ತಟ್ಟೆಯಿಂದ ಕಣ್ಣೆತ್ತದೆ, ಉಪ್ಪು ಕೇಳುವ ಹಾಗೆ, ಆ ಮಾತನ್ನು ಹೇಳಿದರು. ಹೆಂಡತಿಯ ಪಾತ್ರಕ್ಕೆ ಅಲ್ಲಿ ಮಾತಿರಲಿಲ್ಲ. ಅಪ್ಪನ ಬೆರಳುಗಳು ಅನ್ನದಲ್ಲಿ ಸುತ್ತುತ್ತಲೇ ಇದ್ದವು. ಸಿಂಧು ಕ್ಯಾಮೆರಾ ನಿಲ್ಲಿಸುವುದನ್ನೂ ಮರೆತು ನಿಂತಿದ್ದಳು. ಕೊನೆಗೆ ಅಪ್ಪನೇ ತಲೆಯೆತ್ತಿ ಅಮ್ಮನನ್ನು ನೋಡಿ, "ಹೀಗೇನಾ ಹೇಳಿದ್ದೆ?" ಅಂದರು. ಅಮ್ಮ ಹೌದೆಂದು ಗೋಣು ಹಾಕಿದಳು. ಆ ಕೊನೆಯ ಪ್ರಶ್ನೆ ಚಿತ್ರದಲ್ಲಿಲ್ಲ. ಅದಕ್ಕೆ ಮುಂಚೆಯೇ ಅಮ್ಮ ಕತ್ತರಿಸಿದ್ದಾಳೆ.

ಆ ಚಿತ್ರ ಆಮೇಲೆ ಆಸ್ಟಿನ್‌ನಲ್ಲಿ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಓಡಿತು, ಹ್ಯೂಸ್ಟನ್‌ನಲ್ಲಿ ಒಬ್ಬರ ಮನೆಯ ಹಾಲಿನಲ್ಲಿ ಓಡಿತು. ಬಹುಮಾನವೇನೂ ಬರಲಿಲ್ಲ. ನನಗೆ ಮರೆಯಲಾಗದ್ದು ಲಿಟಲ್ ಎಲ್ಮ್‌ನ ಮೊದಲ ಪ್ರದರ್ಶನ. ಪಾತ್ರ ಬಿಟ್ಟ ಮುಜುಗರಕ್ಕೋ ಏನೋ, ಮೋಹನ್ ಅಂಕಲ್ಲೇ ಕೆರೆಯ ಪಕ್ಕದ ತಮ್ಮ ಬಡಾವಣೆಯ ಕ್ಲಬ್‌ಹೌಸ್ ಹಿಡಿದು, ಕುರ್ಚಿಗಳನ್ನು ತಾವೇ ಜೋಡಿಸಿದ್ದರು. ಭಾನುವಾರ ಮಧ್ಯಾಹ್ನ, ಪುಳಿಯೋಗರೆಯ ಊಟವಾದ ಮೇಲೆ ಕಿಟಕಿಗಳ ಪರದೆ ಎಳೆದು ತೋರಿಸಿದರು. ಮೊದಲಿಗೆ ಮಕ್ಕಳ ಗಲಾಟೆ, ಗಂಡಸರ ಪಿಸುಮಾತು. ಅಜ್ಜಿ ತೆರೆಯ ಮೇಲೆ ತಲೆ ಎತ್ತುವ ಹೊತ್ತಿಗೆ ಅದೂ ನಿಂತಿತ್ತು. ಚಿತ್ರ ಮುಗಿದು ಪರದೆ ಸರಿಸಿದರು. ಆಮೇಲೆ ಮುಂದಿನ ಸಾಲಿನ ಅಂಕಲ್ ಒಬ್ಬರು, ನಮಗೆ ಅಷ್ಟಾಗಿ ಪರಿಚಯವಿಲ್ಲದವರು, ಎದ್ದು ನಿಂತರು.

"ಆಕ್ಟಿಂಗ್ ಎಲ್ಲ ಚೆನ್ನಾಗಿದೆ. ಆ ಗಂಡನ ಡೈಲಾಗ್ ಮಾತ್ರ ಸ್ವಲ್ಪ ಓವರ್ ಆಯ್ತು. ಓದಿದೋರಲ್ಲಿ ಯಾರ್ರೀ ಹಾಗೆ ಮಾತಾಡ್ತಾರೆ? ಬರೆದೋರು ಯಾರು?"

ಅಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದರು. ಹತ್ತು ಜನರೆದುರು ಮಾತಾಡುವುದೆಂದರೆ ಅವರಿಗಾಗದು. ಎದುರಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದರು.

"ಬರೆದದ್ದು ಇವಳು," ಅಂದರು. "ಹೇಳಿದ್ದು ನಾನು. ಮನೇಲೇ, ಊಟ ಮಾಡ್ತಾ."

ಆ ಅಂಕಲ್ ನಿಂತೇ ಇದ್ದರು. ಅವರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ, ಯಾರಿಗೂ ಅಲ್ಲವೆಂಬಂತೆ, "ಇವರೂ ಹೇಳಿದಾರೆ," ಅಂದರು. ಎಲ್ಲಿಂದಲೋ ಒಂದು ಹೆಣ್ಣುದನಿ ನಕ್ಕಿತು, ಇನ್ನೊಂದು ಸೇರಿಕೊಂಡಿತು, ಕೊನೆಗೆ ಮೋಹನ್ ಅಂಕಲ್ಲೂ ಹಣೆ ಚಚ್ಚಿಕೊಂಡು ನಕ್ಕರು. ಅಪ್ಪ ನಗಲಿಲ್ಲ, ಕೂತುಕೊಂಡರು. ಅವರ ಕಿವಿಗಳು ಕೆಂಪಾಗಿದ್ದವು. ಅವರು ಅಷ್ಟು ಎತ್ತರವಾಗಿ ನನಗೆ ಎಂದೂ ಕಂಡಿರಲಿಲ್ಲ.

ವಾಪಸು ಬರುವಾಗ ಅಮ್ಮ ಕಾರು ಓಡಿಸಿದಳು. ಅಪ್ಪ ಪಕ್ಕದಲ್ಲಿ, ನಾನು ಅಜ್ಜಿ ಹಿಂದೆ. ಕಾರು ಕೆರೆಯ ಸೇತುವೆ ಹತ್ತಿತು. ನೀರಿನ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

"ಅಷ್ಟು ಮಂದಿ ಮುಂದ ಯಾಕ ಹೇಳಿದ್ರಿ?" ಅಂದಳು ಅಮ್ಮ.

"ಕೇಳಿದ್ರಲ್ಲ." ಅಪ್ಪ ಬಿಸಿಲಿಗೆ ಕೈ ಅಡ್ಡ ಹಿಡಿದರು. "ಇನ್ನೊಂದು ಸಿನಿಮಾ ಮಾಡಿದ್ರೆ ನನಗೊಂದು ಒಳ್ಳೆ ಪಾರ್ಟ್ ಕೊಡು."

ಅಮ್ಮ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಇದ್ದದ್ದರಾಗ ಚಲೋ ಪಾರ್ಟ್ ಅದ ಇತ್ತರಿ," ಅಂದಳು.